ಇಲಿ ಹಿಡಿಯುವ ಕೈಗೆ ಅನುಮತಿ ಕೊಡುವವರು ಯಾರು?

ಪ್ರಶ್ನೆ: ಸರ್, ನನ್ನ ಊರು ಮದ್ದೂರಿನ ಹತ್ತಿರ. ಮೈಸೂರಿನಲ್ಲಿ ಎಂ.ಫಾರ್ಮ್ ಓದುತ್ತಿದ್ದೇನೆ, ಫಾರ್ಮಕಾಲಜಿ ವಿಭಾಗ. ನುಗ್ಗೆ ಸೊಪ್ಪಿನ ಎಕ್ಸ್‌ಟ್ರಾಕ್ಟ್ ಸಕ್ಕರೆ ಕಾಯಿಲೆಗೆ ಕೆಲಸ ಮಾಡುತ್ತದೆಯೇ ಎಂದು ಇಲಿಗಳ ಮೇಲೆ ನೋಡಬೇಕು. 5 ಗುಂಪು, ಗುಂಪಿಗೆ 6 ಇಲಿ. ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೇಳುವ ಅರ್ಜಿ, ಅಂದರೆ ಫಾರ್ಮ್ ಬಿ, ತುಂಬಿ ಎಥಿಕ್ಸ್ ಕಮಿಟಿಗೆ ಕೊಡು ಎಂದು ಗೈಡ್ ಹೇಳಿದ್ದಾರೆ. ನಾನು ಇದುವರೆಗೂ ಒಂದು ಇಲಿಯನ್ನೂ ಕೈಯಲ್ಲಿ ಹಿಡಿದಿಲ್ಲ. ಇದಕ್ಕೆ ತರಬೇತಿ ಸರ್ಟಿಫಿಕೇಟ್ ಕಡ್ಡಾಯವೇ? ಸೀನಿಯರ್‌ಗಳು "ಎರಡು ದಿನ ನೋಡಿದ್ರೆ ಬರುತ್ತೆ ಬಿಡು" ಎನ್ನುತ್ತಾರೆ. ಅಪ್ಪ, "ಕಬ್ಬಿನ ಗದ್ದೇಲಿ ಇಲಿಗೆ ಪಾಷಾಣ ಇಡ್ತೀವಿ, ನಿನ್ನ ಬಿಳಿ ಇಲಿಗೆ ಯಾತಕ್ಕೆ ಕಮಿಟಿ?" ಎಂದು ನಗುತ್ತಾರೆ. ಅಮ್ಮ, "ಪಾಪ ಅಲ್ವೇನೇ?" ಎನ್ನುತ್ತಾರೆ. ಇಬ್ಬರಿಗೂ ಏನು ಹೇಳಬೇಕೋ ತೋಚುತ್ತಿಲ್ಲ.

ಉತ್ತರ:

ನೀವು ಕೇಳಿರುವುದರಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ್ದು ಫಾರ್ಮ್ ಬಿ ಅಲ್ಲ. "ಒಂದು ಇಲಿಯನ್ನೂ ಹಿಡಿದಿಲ್ಲ" ಎಂಬ ಮಾತು. ಅದನ್ನು ಬಾಯಿ ಬಿಟ್ಟು ಹೇಳಿದಿರಲ್ಲ, ಅದೇ ದೊಡ್ಡದು. ನಮ್ಮ ಕಾಲದಲ್ಲಿ ಯಾರೂ ಹೇಳುತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಮೂವತ್ತು ವರ್ಷಕ್ಕೂ ಹಿಂದಿನ ಮಾತು. ನಾನು ಹೊಸದಾಗಿ ಒಂದು ಲ್ಯಾಬ್ ಸೇರಿದ್ದೆ. ಇಲಿಗೆ ಬಾಯಿ ಮೂಲಕ ಔಷಧ ಕೊಡುವ ಕೆಲಸ. ತುದಿಯಲ್ಲಿ ಪುಟ್ಟ ಗುಂಡು ಇರುವ ಬಾಗಿದ ಸೂಜಿ ಇರುತ್ತದೆ, ಅದನ್ನು ಗಂಟಲಲ್ಲಿ ಇಳಿಸಿ ನೇರ ಹೊಟ್ಟೆಗೆ ಬಿಡಬೇಕು. ಸೀನಿಯರ್ ಒಬ್ಬರು ನಾಲ್ಕು ಇಲಿಗೆ ಕೊಟ್ಟು ತೋರಿಸಿದರು. ಐದನೆಯದನ್ನು ನನ್ನ ಕೈಗೆ ಕೊಟ್ಟು ಟೀ ಕುಡಿಯಲು ಹೋದರು. ಸೂಜಿ ಒಳಗೆ ಹೋಗಲು ಸ್ವಲ್ಪ ತಡೆಯಿತು. ತಡೆದರೆ ನಿಲ್ಲಿಸಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ನೂಕಿದೆ, ಪಿಸ್ಟನ್ ಒತ್ತಿದೆ. ಮೂಗಿನಲ್ಲಿ ದ್ರವ ಬಂತು. ಇಲಿ ಬಾಯಿ ತೆರೆದು ಉಸಿರಿಗೆ ಒದ್ದಾಡಿತು. ಕೆಲವೇ ನಿಮಿಷದಲ್ಲಿ ಸತ್ತಿತು. ಔಷಧ ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ ಹೋಗಿತ್ತು.

ಅದಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಆಮೇಲೆ ನಡೆದದ್ದು. ಪುಸ್ತಕದಲ್ಲಿ "ಹೆಚ್ಚಿನ ಡೋಸ್ ಗುಂಪು: ಸಾವು 1" ಎಂದು ಬರೆದರು. ನನ್ನ ಕೈ ತಪ್ಪು ಔಷಧದ ಲೆಕ್ಕಕ್ಕೆ ಹೋಯಿತು. ನಾನು ಸುಮ್ನೆ ಇದ್ದೆ. ಹೆದರಿಕೆ. ಆ ಔಷಧ ನಿಜವಾಗಿಯೂ ವಿಷವೋ ಅಲ್ಲವೋ, ಆ ಪುಟ ಓದಿದವರಿಗೆ ತಪ್ಪು ಉತ್ತರವೇ ಸಿಕ್ಕಿರುತ್ತದೆ. ಪಳಗದ ಕೈ ಪ್ರಾಣಿಗೂ ನೋವು ಕೊಡುತ್ತದೆ, ಲೆಕ್ಕವನ್ನೂ ಕೆಡಿಸುತ್ತದೆ. ಎಥಿಕ್ಸ್ ಬೇರೆ, ವಿಜ್ಞಾನ ಬೇರೆ ಎಂದು ಯಾರಾದರೂ ಹೇಳಿದರೆ ನನಗೆ ಆ ಇಲಿ ನೆನಪಾಗುತ್ತದೆ.

ಈಗ ಸರ್ಟಿಫಿಕೇಟಿನ ವಿಷಯ. ಬ್ರಿಟನ್ನಿನಲ್ಲಿ 1986ರ ಕಾನೂನಿನ ಪ್ರಕಾರ ಪ್ರಾಣಿಯ ಮೇಲೆ ಪ್ರಯೋಗ ಮಾಡುವ ಪ್ರತಿಯೊಬ್ಬರ ಹೆಸರಿಗೂ ಲೈಸೆನ್ಸ್ ಬೇಕು. ತರಬೇತಿ ಆಗದೆ ಅದು ಸಿಗುವುದಿಲ್ಲ. ಯುರೋಪಿನ ಒಕ್ಕೂಟದಲ್ಲಿ 2010ರ ನಿರ್ದೇಶನ ಇದೆ. ಕೆಲಸ ಬರುತ್ತದೆ ಎಂದು ತೋರಿಸುವ ತನಕ ಇನ್ನೊಬ್ಬರ ಕಣ್ಣೆದುರೇ ಮಾಡಬೇಕು ಎನ್ನುತ್ತದೆ ಅದು. ನಮ್ಮಲ್ಲಿ ಹಾಗೆ ಒಬ್ಬೊಬ್ಬರಿಗೂ ಲೈಸೆನ್ಸ್ ಕೊಡುವ ಪದ್ಧತಿ ಇಲ್ಲ. ನೋಂದಣಿ ಆಗುವುದು ಸಂಸ್ಥೆಗೆ, ಅನುಮತಿ ಸಿಗುವುದು ಪ್ರಾಜೆಕ್ಟಿಗೆ. ಜವಾಬ್ದಾರಿ ಯಾರದ್ದು ಎಂದರೆ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 17ನೇ ಕಲಂ ಸಂಸ್ಥೆಯ ಮುಖ್ಯಸ್ಥರ ಕಡೆ ಬೆರಳು ತೋರಿಸುತ್ತದೆ. ಫಾರ್ಮ್ ಬಿಯಲ್ಲಿ ಪ್ರಯೋಗ ಮಾಡುವವರ ಹೆಸರು, ಓದು, ಅನುಭವ ಕೇಳುತ್ತಾರೆ. ಅಲ್ಲಿ ಬಹಳ ಮಂದಿ ಗೈಡಿನ ಅನುಭವ ಬರೆದು ಕೈ ತೊಳೆದುಕೊಳ್ಳುತ್ತಾರೆ. ಸೂಜಿ ಹಿಡಿಯುವುದು ಗೈಡ್ ಅಲ್ಲ, ವಿದ್ಯಾರ್ಥಿ. ನಾನು ಕಮಿಟಿಯಲ್ಲಿ ಕೂತಾಗೆಲ್ಲ ಮೊದಲು ಕೇಳುತ್ತಿದ್ದುದು ಇದನ್ನೇ: "ದಿನಾ ಬೆಳಿಗ್ಗೆ ಡೋಸ್ ಕೊಡೋರು ಯಾರು? ಅವರನ್ನ ಕರೀರಿ."

ಅಂದರೆ ಕಾಗದದ ಮೇಲೆ ನಿಮಗೆ ಸರ್ಟಿಫಿಕೇಟ್ ಇಲ್ಲದೆಯೂ ದಾರಿ ಸಿಗಬಹುದು. ಆದರೂ ತರಬೇತಿ ಪಡೆಯದೆ ಶುರು ಮಾಡಬೇಡಿ.

ಇಲ್ಲೊಂದು ಗಂಟು ಇದೆ. ಅದೇ 17ನೇ ಕಲಂ ಇನ್ನೊಂದು ಮಾತೂ ಹೇಳುತ್ತದೆ. ಕೇವಲ ಕೈಚಳಕ ಕಲಿಯುವುದಕ್ಕೆಂದು ಆದಷ್ಟೂ ಪ್ರಯೋಗ ಮಾಡಬಾರದು. ಪುಸ್ತಕ, ಮಾದರಿ, ಸಿನಿಮಾದಿಂದ ಪಾಠ ಆಗುವ ಹಾಗಿದ್ದರೆ ಕಾಲೇಜುಗಳಲ್ಲಿ ಪ್ರಾಣಿ ಬೇಡ. ಈ ದಾರಿಯಲ್ಲೇ ಯುಜಿಸಿ 2014ರಲ್ಲಿ ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಕಪ್ಪೆ ಕೊಯ್ಯುವುದನ್ನು ನಿಲ್ಲಿಸಿತು. ಒಳ್ಳೆಯದೇ ಆಯಿತು. ಆದರೆ ಇಲಿ ಮುಟ್ಟದೆ ಡಿಗ್ರಿ ಮುಗಿಸಿದ ಮಕ್ಕಳು ಎಂ.ಫಾರ್ಮ್‌ನಲ್ಲಿ ಏಕಾಏಕಿ 30 ಇಲಿಗಳ ಎದುರು ನಿಲ್ಲುತ್ತಾರೆ. ಕಲಿಯದೆ ಮಾಡಬಾರದು, ಕಲಿಯುವುದಕ್ಕೆಂದು ಮಾಡಬಾರದು. ಹಾಗಾದರೆ ಕಲಿಯುವುದು ಎಲ್ಲಿ?

ನೀವು ಮೈಸೂರಿನಲ್ಲಿದ್ದೀರಿ, ದಸರಾ ಆನೆಗಳ ತಾಲೀಮು ನೋಡಿರುತ್ತೀರಿ. 750 ಕಿಲೋ ಚಿನ್ನದ ಅಂಬಾರಿಯನ್ನು ಯಾರೂ ಮೊದಲ ದಿನವೇ ಆನೆ ಮೇಲೆ ಕಟ್ಟುವುದಿಲ್ಲ. ಗಜಪಯಣ ಮುಗಿಸಿ ಊರಿಗೆ ಬಂದ ಆನೆಗೆ ಮೊದಲು ಊರು ಒಗ್ಗಬೇಕು. ಆಮೇಲೆ ಅರಮನೆಯಿಂದ ಬನ್ನಿಮಂಟಪದ ತನಕ ಬರಿ ನಡಿಗೆ. ಆಮೇಲೆ ಮರಳು ಮೂಟೆ. ಆಮೇಲೆ ಮರದ ಅಂಬಾರಿ. ಕುಶಾಲತೋಪಿನ ಸದ್ದಿಗೂ ಬೇರೆಯೇ ತಾಲೀಮು. ಕಟ್ಟುವವರಿಗೂ ಅಷ್ಟೇ, ಹಗ್ಗ ಎಲ್ಲಿ ಬಿಗಿಯಬೇಕು, ಎಲ್ಲಿ ಉಜ್ಜಿ ಗಾಯ ಆಗುತ್ತದೆ ಎಂದು ಮರಳು ಮೂಟೆಯ ಮೇಲೇ ಗೊತ್ತಾಗುವುದು. ಪ್ರಯೋಗಾಲಯದಲ್ಲೂ ಕ್ರಮ ಹೀಗೇ ಇರಬೇಕು. ಪಳಗಬೇಕಾದ್ದು ಇಲಿಯೂ ಹೌದು, ನಿಮ್ಮ ಕೈಯೂ ಹೌದು.

ನಮ್ಮ ಮರಳು ಮೂಟೆ ಯಾವುದು? ರಬ್ಬರಿನ ಇಲಿ ಸಿಗುತ್ತದೆ. ಬಾಯಿಂದ ಹೊಟ್ಟೆಗೆ ಕೊಳವೆ, ಬಾಲದಲ್ಲಿ ರಕ್ತನಾಳ, ಎಲ್ಲ ಇರುತ್ತದೆ. ಕಾಲೇಜಿನಲ್ಲಿ ಇಲ್ಲದಿದ್ದರೆ ಕೊಂಡುಕೊಳ್ಳಲು ಗೈಡನ್ನು ಕೇಳಿ. ಅದಾದ ಮೇಲೆ ಬೇರೆ ಪ್ರಯೋಗ ಮುಗಿದು ಸತ್ತ ಇಲಿಯ ಮೇಲೆ ಸೂಜಿ ಇಳಿಸುವುದನ್ನು ಅಭ್ಯಾಸ ಮಾಡಿ. ಕತ್ತರಿಸಿ ನೋಡಿದರೆ ಸೂಜಿ ಅನ್ನನಾಳಕ್ಕೆ ಹೋಯಿತೋ ಶ್ವಾಸನಾಳಕ್ಕೆ ಹೋಯಿತೋ ಕಣ್ಣಿಗೇ ಕಾಣುತ್ತದೆ. ನನಗೆ ಇದೊಂದು ತೋರಿಸಿದ್ದರೆ ಆ ಇಲಿ ಉಳಿಯುತ್ತಿತ್ತು. ಬಾಯಿಂದ ಕೊನೆಯ ಪಕ್ಕೆಲುಬಿನ ತನಕ ಮೈ ಮೇಲೆ ಸೂಜಿ ಇಟ್ಟು ಅಳತೆ ನೋಡುವುದನ್ನೂ ಆಗಲೇ ಕಲಿಯುತ್ತೀರಿ. ಅದಾದ ಮೇಲೆ ಬದುಕಿರುವ ಇಲಿ. ಮೊದಲ ವಾರ ಸುಮ್ನೆ ಎತ್ತಿ ಇಳಿಸುವುದು, ತೂಕ ನೋಡುವುದು. ಅನಿಮಲ್ ಹೌಸಿನ ಪಶುವೈದ್ಯರ ಎದುರಲ್ಲೇ ಮೊದಲ ಡೋಸ್. ಅವರು "ಸಾಕು, ಬರುತ್ತೆ" ಎಂದು ಪುಸ್ತಕದಲ್ಲಿ ಸಹಿ ಹಾಕುವ ತನಕ ಒಬ್ಬರೇ ಮಾಡುವ ಹಾಗಿಲ್ಲ. ಈ ಸಹಿಯ ಪುಸ್ತಕ ನಿಮ್ಮಲ್ಲಿ ಇಲ್ಲದಿದ್ದರೆ ನೀವೇ ಒಂದು ನೋಟ್‌ಬುಕ್ ಶುರು ಮಾಡಿ. ಕಮಿಟಿಗೆ ಅದನ್ನು ತೋರಿಸಿದರೆ ಯಾವ ಸರ್ಟಿಫಿಕೇಟಿಗಿಂತ ತೂಕ ಜಾಸ್ತಿ.

ಕೋರ್ಸ್ ಬೇಕೆಂದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಪ್ರಯೋಗ ಪ್ರಾಣಿಗಳ ಬಗ್ಗೆ ಬಹಳ ಕಾಲದಿಂದ ತರಬೇತಿ ಕೊಟ್ಟುಕೊಂಡು ಬಂದವರು. ಅಲ್ಲಲ್ಲಿ ಎರಡು ಮೂರು ದಿನದ ಕಾರ್ಯಾಗಾರಗಳೂ ಆಗುತ್ತವೆ. ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ಪ್ರಾಣಿಯನ್ನು ನನ್ನ ಕೈಗೆ ಕೊಡ್ತೀರಾ, ಸ್ಲೈಡ್ ಮಾತ್ರ ತೋರಿಸ್ತೀರಾ?" ಸ್ಲೈಡ್ ಮಾತ್ರ ಎಂದರೆ ಬಸ್ ಚಾರ್ಜ್ ದಂಡ.

ಇನ್ನು ನೋವಿನ ಮಾತು. ಎಥಿಕ್ಸ್ ಕಮಿಟಿಯಲ್ಲಿ ಎಂಟು ಜನ ಇರುತ್ತಾರೆ. ವಿಜ್ಞಾನಿಗಳು, ಪಶುವೈದ್ಯರು, ಅನಿಮಲ್ ಹೌಸ್ ನೋಡಿಕೊಳ್ಳುವವರು, ಹೊರಗಿನ ಸಂಸ್ಥೆಯ ಒಬ್ಬ ವಿಜ್ಞಾನಿ, ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಮಿತಿ ಕಳಿಸಿದವರು. ಇವರ ಜೊತೆ ವಿಜ್ಞಾನದವರಲ್ಲದ, ಸಮಾಜದ ಕಾಳಜಿ ಇರುವ ಒಬ್ಬರು ಇರಲೇಬೇಕು. ಅವರನ್ನು ಬಹಳ ಕಡೆ ಸಹಿಗೆ, ಕಾಫಿಗೆ ಮಾತ್ರ ಕರೆಯುತ್ತಾರೆ. ನಾನಿದ್ದ ಒಂದು ಕಮಿಟಿಗೆ ನಿವೃತ್ತ ಮೇಷ್ಟ್ರು ಒಬ್ಬರು ಬರುತ್ತಿದ್ದರು. ಮೂರು ಮೀಟಿಂಗ್ ಸುಮ್ಮನಿದ್ದರು. ನಾಲ್ಕನೆಯದರಲ್ಲಿ ಒಂದು ಪ್ರೊಟೊಕಾಲಿನಲ್ಲಿ, ಅಂದರೆ ಪ್ರಯೋಗದ ಯೋಜನೆಯಲ್ಲಿ, "ಪ್ರಾಣಿಗೆ ನೋವಾದರೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂದು ಬರೆದಿತ್ತು. ಮೇಷ್ಟ್ರು ಕೇಳಿದರು: "ಇಲಿಗೆ ನೋವಾಗ್ತಿದೆ ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?" ಆ ಹುಡುಗ ಗೈಡಿನ ಮುಖ ನೋಡಿದ. ಗೈಡ್ ನನ್ನ ಮುಖ ನೋಡಿದರು.

ನೀವು ಆ ಹುಡುಗನ ಹಾಗೆ ಆಗಬಾರದು. ಇಲಿ ನೋವನ್ನು ಬಚ್ಚಿಡುವ ಪ್ರಾಣಿ. ಕಾಡಿನಲ್ಲಿ ನೋವು ತೋರಿಸಿದವನು ಬೇಗ ಹದ್ದಿನ ಬಾಯಿಗೆ. ಅದಕ್ಕೇ ಕೂಗುತ್ತದೆ, ಕುಂಟುತ್ತದೆ ಎಂದು ಕಾಯಬೇಡಿ. ಮುಖ ನೋಡಿ. 2010ರಲ್ಲಿ ಸುಂಡಿಲಿಗೆ (ಮೌಸ್), 2011ರಲ್ಲಿ ಇಲಿಗೆ (ರ‍್ಯಾಟ್) ಮುಖ ನೋಡಿ ನೋವು ಅಳೆಯುವ ಪಟ್ಟಿಗಳು ಬಂದವು. ಕಣ್ಣು ಕಿರಿದಾಗುತ್ತದೆ, ಇಲಿಯ ಮೂಗು ಕೆನ್ನೆ ಉಬ್ಬು ಇಳಿದು ಚಪ್ಪಟೆಯಾಗುತ್ತದೆ, ಕಿವಿ ಮಡಚಿ ಹೊರಗೆ ತಿರುಗುತ್ತದೆ, ಮೀಸೆ ಬಿಗಿಯಾಗುತ್ತದೆ. ಬೆನ್ನು ಗೂನು, ಕೂದಲು ನಿಮಿರಿ ಕೆದರಿದ ಹಾಗೆ, ಮೂಲೆ ಹಿಡಿದು ಕೂರುವುದು. ಕಣ್ಣು ಮೂಗಿನ ಸುತ್ತ ಕೆಂಪು ಕಲೆ ಕಂಡರೆ ಹೊಸಬರು ರಕ್ತ ಎಂದು ಗಾಬರಿ ಬೀಳುತ್ತಾರೆ. ರಕ್ತ ಅಲ್ಲ ಅದು. ಕಣ್ಣಿನ ಹಿಂದಿನ ಒಂದು ಗ್ರಂಥಿಯಿಂದ ಬರುವ ಕೆಂಪು ಬಣ್ಣದ ಸ್ರಾವ. ಆರೋಗ್ಯವಾಗಿದ್ದರೆ ಇಲಿ ಮುಖ ಒರೆಸಿಕೊಳ್ಳುತ್ತದೆ. ಕಲೆ ಹಾಗೇ ನಿಂತಿದೆ ಎಂದರೆ ಮುಖ ತೊಳೆಯುವಷ್ಟೂ ಮನಸ್ಸಿಲ್ಲ, ಏನೋ ತೊಂದರೆ ಇದೆ ಎಂದು ಅರ್ಥ.

ಎತ್ತುವ ರೀತಿಯೂ ಅಷ್ಟೇ ಮುಖ್ಯ. ಸುಂಡಿಲಿಯನ್ನು ಬಾಲ ಹಿಡಿದು ಎತ್ತುವುದು ಎಲ್ಲ ಕಡೆ ರೂಢಿ. 2010ರಲ್ಲಿ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ ಎಂಬ ಇಬ್ಬರು ವಿಜ್ಞಾನಿಗಳು ಬಾಲ ಹಿಡಿದರೆ ಆತಂಕ ಹೆಚ್ಚುತ್ತದೆ, ಕೊಳವೆಯೊಳಗೆ ಕೂರಿಸಿಯೋ ಬೊಗಸೆಯಲ್ಲೋ ಎತ್ತಿದರೆ ಕಡಿಮೆ ಎಂದು ತೋರಿಸಿದರು. ಬೊಗಸೆಗೆ ಖರ್ಚೇನೂ ಇಲ್ಲ, ಆದರೂ ನಮ್ಮಲ್ಲಿ ಇನ್ನೂ ಬಾಲವೇ. 2014ರ ಇನ್ನೊಂದು ಅಧ್ಯಯನ ಓದಿ ನಾನು ನಕ್ಕಿದ್ದೆ. ಗಂಡಸರ ವಾಸನೆಗೇ ಇಲಿಗಳ ಒತ್ತಡ ಏರಿ ನೋವು ತೋರಿಸುವುದು ಕಡಿಮೆಯಾಗುತ್ತದಂತೆ. ಹೆಂಗಸರ ವಾಸನೆಗೆ ಹಾಗಾಗಲಿಲ್ಲ. ಗಂಡಸು ಹಾಕಿ ಬಿಟ್ಟ ಟೀ ಶರ್ಟ್ ಪಕ್ಕದಲ್ಲಿಟ್ಟರೂ ಸಾಕಿತ್ತು. ಅದಕ್ಕೇ ಪ್ರಯೋಗದ ಮಧ್ಯೆ ಡೋಸ್ ಕೊಡುವವರನ್ನು ಬದಲಾಯಿಸಬೇಡಿ. ನಿಮ್ಮ ರಜೆಯಲ್ಲಿ ಕ್ಲಾಸ್‌ಮೇಟ್ ಒಬ್ಬ ಬಂದು ಕೊಟ್ಟು ಹೋದರೆ ನಿಮ್ಮ ಅಂಕಿಗಳಲ್ಲಿ ಅವನ ವಾಸನೆಯೂ ಸೇರಿರುತ್ತದೆ.

ಈಗ ನಿಮ್ಮ ಪ್ರೊಟೊಕಾಲ್. ನೋಡಮ್ಮ, ಬೇಜಾರು ಮಾಡಿಕೊಳ್ಳಬೇಡಿ. ನುಗ್ಗೆ ಸೊಪ್ಪು, ಸಕ್ಕರೆ ಕಾಯಿಲೆ, ಇಲಿ, ಈ ಮೂರೂ ಸೇರಿದ ಪ್ರಬಂಧಗಳು ಈಗಾಗಲೇ ಬಹಳ ಇವೆ. ಅದನ್ನೇ ಇನ್ನೊಮ್ಮೆ ಮಾಡಲು 30 ಇಲಿ ಕೊಡಿ ಎಂದರೆ ನಾನಾಗಿದ್ದರೆ ಸಹಿ ಹಾಕುವುದಿಲ್ಲ. ಹಳೆಯವು ಯಾವ ಪ್ರಶ್ನೆ ಬಿಟ್ಟಿವೆ, ನೀವು ಕೇಳುವ ಹೊಸದೇನು, ಅದನ್ನು ಎರಡು ವಾಕ್ಯದಲ್ಲಿ ಬರೆಯಲು ಆಗುತ್ತದೆಯೇ ನೋಡಿ. ಆಗದಿದ್ದರೆ ವಿಷಯ ಬದಲಿಸಲು ಈಗಲೇ ಒಳ್ಳೆಯ ಸಮಯ. ಆಗುವುದಾದರೆ ಮೊದಲು ಇಲಿ ಬೇಡದ ಕೆಲಸ ಮುಗಿಸಿ. ಪಿಷ್ಟ ಒಡೆಯುವ ಎನ್ಜೈಮನ್ನು ನಿಮ್ಮ ಎಕ್ಸ್‌ಟ್ರಾಕ್ಟ್ ತಡೆಯುತ್ತದೆಯೇ ಎಂದು ಟೆಸ್ಟ್ ಟ್ಯೂಬಿನಲ್ಲೇ ನೋಡಬಹುದು. ಹಣ್ಣಿನ ನೊಣಕ್ಕೆ ಸಕ್ಕರೆ ಜಾಸ್ತಿ ಇರುವ ಆಹಾರ ಕೊಟ್ಟು ಇನ್ಸುಲಿನ್ನಿಗೆ ಬಗ್ಗದ ಸ್ಥಿತಿ ತರಬಹುದು. ನೊಣಕ್ಕೆ ದೂರ ಹೋಗಬೇಕಿಲ್ಲ, ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ. ಕುಕ್ಕರಹಳ್ಳಿ ಕೆರೆ ದಾಟಿದರೆ ಆಯಿತು. ಟ್ಯೂಬಿನಲ್ಲೂ ನೊಣದಲ್ಲೂ ಏನೂ ಕಾಣದಿದ್ದರೆ ಇಲಿಗಳು ಬಚಾವ್. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಹೇಳಿದ್ದೂ ಇದನ್ನೇ: ಆದಷ್ಟು ಪ್ರಾಣಿಯ ಬದಲು ಬೇರೆಯದನ್ನು ಬಳಸಿ, ಬಳಸಲೇಬೇಕಾದರೆ ಕಡಿಮೆ ಬಳಸಿ, ನೋವು ತಗ್ಗಿಸಿ. ಪ್ರಯೋಗ ಮುಗಿದ ಮೇಲೆ ಪ್ರಾಣಿಗೆ ನೆಲೆ ಒದಗಿಸುವುದನ್ನೂ ನಮ್ಮ ದೇಶದ ಸಮಿತಿ ಸೇರಿಸಿತು. ಅದು ಹೆಚ್ಚಾಗಿ ನಾಯಿ, ಕೋತಿಯಂಥ ದೊಡ್ಡ ಪ್ರಾಣಿಗಳ ಮಾತು. ಅವುಗಳ ಕಡತ ನಿಮ್ಮ ಕಾಲೇಜಿನ ಕಮಿಟಿಯಲ್ಲಿ ಮುಗಿಯುವುದಿಲ್ಲ, ಕೇಂದ್ರದ ಸಮಿತಿಗೇ ಹೋಗಬೇಕು.

ಗುಂಪಿಗೆ 6 ಯಾಕೆ? ಕೇಳಿದರೆ ಎಲ್ಲರೂ 6 ಹಾಕ್ತಾರೆ ಎನ್ನುತ್ತಾರೆ. ಅದು ಉತ್ತರ ಅಲ್ಲ. ಒಂದು ಸುಲಭದ ಲೆಕ್ಕ ಇದೆ. ಒಟ್ಟು ಪ್ರಾಣಿಗಳಿಂದ ಗುಂಪುಗಳ ಸಂಖ್ಯೆ ಕಳೆಯಿರಿ. ಉಳಿದದ್ದು 10ರಿಂದ 20ರ ಒಳಗೆ ಇರಬೇಕು. ನಿಮ್ಮದು 30ರಲ್ಲಿ 5 ಕಳೆದರೆ 25, ಜಾಸ್ತಿ ಆಯಿತು. ಗುಂಪಿಗೆ 5 ಇಟ್ಟರೆ 25ರಲ್ಲಿ 5 ಕಳೆದು 20, ಸರಿಹೋಯಿತು. ಐದು ಇಲಿ ಉಳಿಯಿತು. ಆದರೆ ಇದು ಬೇರೆ ಮಾಹಿತಿ ಇಲ್ಲದಾಗ ಬಳಸುವ ಒರಟು ಲೆಕ್ಕ. ನಿಮ್ಮ ವಿಷಯದಲ್ಲಿ ಹಳೆಯ ಪ್ರಬಂಧಗಳ ಅಂಕಿಗಳು ಕೈಯಲ್ಲೇ ಇವೆ, ಅವುಗಳಿಂದ ಪವರ್ ಅನಾಲಿಸಿಸ್ ಮಾಡಿಸಿ, ಅಂದರೆ ವ್ಯತ್ಯಾಸ ಇದ್ದರೆ ಅದು ಕಾಣಲು ಎಷ್ಟು ಇಲಿ ಬೇಕು ಎಂಬ ಲೆಕ್ಕ. ಆಗ 6 ಬೇಕೆಂದು ಬಂದರೆ 6, 8 ಬಂದರೆ 8. ಕಡಿಮೆ ಇಲಿ ಬಳಸಿ ಏನೂ ತೀರ್ಮಾನ ಆಗದಿದ್ದರೆ ಅಷ್ಟೂ ಇಲಿ ದಂಡವೇ ಅಲ್ವಾ.

ಸಕ್ಕರೆ ಕಾಯಿಲೆ ತರಲು ಸ್ಟ್ರೆಪ್ಟೊಜೊಟೊಸಿನ್ ಕೊಡುತ್ತೀರಿ ಎಂದುಕೊಳ್ಳುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಿ. ಈ ಮದ್ದು ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಕೋಶ ಸಾಯುವಾಗ ಒಳಗಿದ್ದ ಇನ್ಸುಲಿನ್ ಎಲ್ಲ ಒಮ್ಮೆಲೇ ರಕ್ತಕ್ಕೆ ಸುರಿಯುತ್ತದೆ. ಸಕ್ಕರೆ ಏರುವ ಮುಂಚೆ ಪಾತಾಳಕ್ಕೆ ಇಳಿಯುತ್ತದೆ. ಮೊದಲ ರಾತ್ರಿ ಹೀಗೆ ಇಲಿಗಳು ಸಾಯಬಹುದು. ಅದಕ್ಕೆ ಆ ರಾತ್ರಿ ಕುಡಿಯುವ ನೀರಿನಲ್ಲಿ ಶೇ. 5ರಿಂದ 10ರಷ್ಟು ಗ್ಲುಕೋಸ್ ಇಡುತ್ತಾರೆ. ಬಹಳ ಪ್ರೊಟೊಕಾಲ್‌ಗಳಲ್ಲಿ ಡೋಸ್ ಇರುತ್ತದೆ, ಬಫರಿನ ಪಿಎಚ್ ಇರುತ್ತದೆ, ಈ ಬಾಟಲಿ ಇರುವುದಿಲ್ಲ. ಬೆಳಿಗ್ಗೆ ಬಂದು ನೋಡಿದರೆ ನಾಲ್ಕು ಇಲಿ ಸತ್ತಿರುತ್ತವೆ, "ಮಾಡೆಲ್ ಮಾರ್ಟಾಲಿಟಿ" (ಕಾಯಿಲೆ ತರಿಸುವಾಗ ಆಗುವ ಸಾವು) ಎಂದು ಬರೆಯುತ್ತಾರೆ. ಆಮೇಲಿನ ದಿನಗಳಲ್ಲಿ ಇಲಿ ಸಿಕ್ಕಾಪಟ್ಟೆ ನೀರು ಕುಡಿಯುತ್ತದೆ, ಅಷ್ಟೇ ಉಚ್ಚೆ ಹೊಯ್ಯುತ್ತದೆ. ಕೇಜಿನ ಹೊಟ್ಟು ಒಂದೇ ದಿನಕ್ಕೆ ತೊಯ್ದು ತೊಪ್ಪೆ. ಬೇರೆ ಇಲಿಗೆ ವಾರಕ್ಕೆ ಎರಡು ಸಲ ಹೊಟ್ಟು ಬದಲಿಸಿದರೆ ಇವಕ್ಕೆ ದಿನಾ ಬೇಕಾಗಬಹುದು. ಇದನ್ನು ಅಟೆಂಡರ್‌ಗೆ ಮೊದಲೇ ಹೇಳಿ ಒಪ್ಪಿಸಿ. ಅವರು ಒಪ್ಪದೆ ನಿಮ್ಮ ಪ್ರಯೋಗ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ, ನನ್ನ ಅನುಭವ.

ತೂಕ ಶೇ. 20ರಷ್ಟು ಇಳಿದರೆ, ಎದ್ದು ಓಡಾಡದಿದ್ದರೆ, ನೀರು ಮುಟ್ಟದಿದ್ದರೆ ಆ ಇಲಿಯ ಪ್ರಯೋಗ ಅಲ್ಲಿಗೇ ಮುಗಿಸುತ್ತೇನೆ ಎಂದು ಮೊದಲೇ ಬರೆದಿಡಿ. ಪ್ರಯೋಗದ ಮಧ್ಯೆ ತೀರ್ಮಾನ ಮಾಡಲು ಹೊರಟರೆ ಥೀಸಿಸ್ ನೆನಪಾಗಿ ಕೈ ತಡೆಯುತ್ತದೆ. ರಕ್ತಕ್ಕೂ ಲೆಕ್ಕ ಇದೆ. 250 ಗ್ರಾಂ ಇಲಿಯಲ್ಲಿ ಇರುವ ರಕ್ತ ಸುಮಾರು 16 ಮಿಲಿ. ಎರಡು ವಾರಕ್ಕೆ ಅದರ ಶೇ. 10 ಮೀರಬಾರದು, ಅಂದರೆ 1.6 ಮಿಲಿ. ಗ್ಲುಕೋಸ್ ನೋಡಲು ಬಾಲದ ತುದಿಯ ಒಂದು ಹನಿ ಸಾಕು, ಮನೆಯಲ್ಲಿ ಅಜ್ಜಿಗೆ ಬಳಸುವಂಥ ಸ್ಟ್ರಿಪ್ಪೇ. ಬಾಯಿಗೆ ಕೊಡುವ ಡೋಸಿನ ದ್ರವ 200 ಗ್ರಾಂ ಇಲಿಗೆ 2 ಮಿಲಿ ಮೀರದ ಹಾಗೆ ನೋಡಿಕೊಳ್ಳಿ. ಎಲ್‌ಡಿ 50 ಮಾಡುತ್ತೇವೆ ಎಂದು ಹಳೆಯ ಥೀಸಿಸ್ ನೋಡಿ ಬರೆದಿದ್ದರೆ ಹೊಡೆದುಹಾಕಿ. ಅರ್ಧ ಇಲಿ ಸಾಯುವ ತನಕ ಡೋಸ್ ಏರಿಸುವ ಆ ಹಳೆಯ ಪದ್ಧತಿಯನ್ನು ಇಂಥ ಪರೀಕ್ಷೆಗಳ ಕ್ರಮ ಗೊತ್ತುಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಒಇಸಿಡಿ 2002ರಲ್ಲೇ ಕೈಬಿಟ್ಟಿತು. ಅದರ ಈಗಿನ 423ನೇ ಕ್ರಮದಲ್ಲಿ ಒಂದು ಹಂತಕ್ಕೆ ಮೂರು ಇಲಿ ಮಾತ್ರ.

ಕಾಗದದ ಕೆಲಸ ಬೇಗ ಹೇಳಿಬಿಡುತ್ತೇನೆ. ಅನುಮತಿ ಪತ್ರ ಬರುವ ಮುಂಚೆ ಇಲಿ ಆರ್ಡರ್ ಮಾಡಬೇಡಿ. ನೋಂದಣಿ ಆದ ತಳಿ ಸಾಕುವವರಿಂದಲೇ ತರಿಸಿ. ಬಂದ ಇಲಿಗೆ ಕಡಿಮೆ ಎಂದರೂ ಐದು ದಿನ, ನನ್ನ ಕೇಳಿದರೆ ಒಂದು ವಾರ, ಜಾಗ ಒಗ್ಗಲು ಬಿಡಿ. ಇಲಿಗಳ ಲೆಕ್ಕ ಬರೆದಿಡಿ. ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳಿ. ಇಲಿಯ ಉಚ್ಚೆಯಲ್ಲಿರುವ ಪ್ರೋಟೀನಿನಿಂದ ಕೆಲವರಿಗೆ ಅಲರ್ಜಿ ಬಂದು ಉಬ್ಬಸಕ್ಕೆ ತಿರುಗುತ್ತದೆ, ಮಾಸ್ಕ್ ಬಿಡಬೇಡಿ. ಕಾನೂನು ಮುರಿದರೆ ದಂಡ ಎಷ್ಟು ಗೊತ್ತೇ? 1960ರ ಕಾಯಿದೆಯ 20ನೇ ಕಲಂ ಪ್ರಕಾರ ಹೆಚ್ಚೆಂದರೆ 200 ರೂಪಾಯಿ. ಇವತ್ತು ಇಬ್ಬರು ಮಸಾಲೆ ದೋಸೆ ತಿಂದು ಕಾಫಿ ಕುಡಿದರೆ ಆ ದುಡ್ಡು ಮುಗಿಯುತ್ತದೆ. ನಿಜವಾದ ಹೆದರಿಕೆ ಬೇರೆ ಇದೆ. ಪ್ರಯೋಗ ಮಾಡದ ಹಾಗೆ ಸಂಸ್ಥೆಯನ್ನೇ ತಡೆಯುವ ಅಧಿಕಾರ ಸಮಿತಿಗಿದೆ, ಅನುಮತಿ ನಂಬರ್ ಇಲ್ಲದ ಪ್ರಬಂಧವನ್ನು ಒಳ್ಳೆಯ ಜರ್ನಲ್ ಯಾವುದೂ ಮುಟ್ಟುವುದಿಲ್ಲ.

ಅಪ್ಪನ ಪ್ರಶ್ನೆಗೆ ಬರುತ್ತೇನೆ. ಅದು ತಮಾಷೆಯದ್ದಲ್ಲ, ಒಳ್ಳೆಯ ಪ್ರಶ್ನೆ. ಗದ್ದೆಯ ಇಲಿ ನಿಮ್ಮ ಅನ್ನಕ್ಕೆ ಬಂದದ್ದು. ಅದಕ್ಕೆ ಓಡಲು ಬಿಲ ಇದೆ, ಬದು ಇದೆ. ಪಾಷಾಣ ತಿಂದು ಸಾಯುವುದು ನೋವಿನ ಸಾವೇ, ಅದನ್ನು ಒಳ್ಳೆಯದು ಎಂದು ನಾನು ಹೇಳಲಾರೆ. ಬಿಳಿ ಇಲಿ ಯಾರ ಕಬ್ಬನ್ನೂ ಕಡಿದಿಲ್ಲ. ಅದು ಹುಟ್ಟಿದ್ದೇ ನಮ್ಮ ಪ್ರಶ್ನೆಗೋಸ್ಕರ, ನಾವೇ ಹುಟ್ಟಿಸಿದ್ದು. ಹೊಟ್ಟು ಬದಲಿಸದಿದ್ದರೆ ಒದ್ದೆಯಲ್ಲೇ ಕೂತಿರಬೇಕು. ನಾವು ನೀರಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅಪ್ಪನಿಗೆ ಹೀಗೆ ಹೇಳಿ ನೋಡಿ: ಬೀದಿ ಎತ್ತು ಹೊಲಕ್ಕೆ ನುಗ್ಗಿದರೆ ಓಡಿಸ್ತೀರಿ, ಕೊಟ್ಟಿಗೆಯಲ್ಲಿ ಕಟ್ಟಿದ ಹಳ್ಳಿಕಾರ್ ಎತ್ತಿಗೆ ನೀರು ತೋರಿಸದೆ ನೀವು ಊಟಕ್ಕೆ ಕೂರ್ತೀರಾ? ಕಟ್ಟಿದವರ ಜವಾಬ್ದಾರಿ ಅದು. ಕಮಿಟಿ ಇರುವುದು ಆ ಹಗ್ಗಕ್ಕೆ.

ಅಮ್ಮನಿಗೆ ನನ್ನ ಹತ್ತಿರ ಅಂಥ ಉತ್ತರ ಇಲ್ಲ. ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ ಟೊರಾಂಟೊದಲ್ಲಿ, ನಾಯಿಗಳ ಮೇಲೆ. ಅದರಿಂದ ಬದುಕಿದ ಮಕ್ಕಳಿಗೆ ಲೆಕ್ಕವಿಲ್ಲ. ಈ ಮಾತು ಹೇಳಬಹುದು. ಆದರೆ ನಿಮ್ಮ ಥೀಸಿಸ್ ಇನ್ಸುಲಿನ್ ಅಲ್ಲ. ಪ್ರತಿ ಎಂ.ಫಾರ್ಮ್ ಥೀಸಿಸ್ಸಿಗೂ ಆ ನಾಯಿಗಳ ಹೆಸರು ಹೇಳಿ ಸಾಲ ಎತ್ತುವುದು ನನಗೆ ಸರಿ ಕಾಣುವುದಿಲ್ಲ. ಪಾಪ ಹೌದೋ ಅಲ್ಲವೋ ನಾನು ಹೇಳಲಾರೆ. ಅಮ್ಮ ಕೇಳುತ್ತಲೇ ಇರಲಿ, ನೀವು ತಳ್ಳಿಹಾಕಬೇಡಿ. ಲ್ಯಾಬಿನಲ್ಲಿ ನಾವು "ಸ್ಯಾಕ್ರಿಫೈಸ್ ಮಾಡಿದ್ವಿ" ಎನ್ನುತ್ತೇವೆ, ಏನೋ ದೇವರಿಗೆ ಬಲಿ ಕೊಟ್ಟ ಹಾಗೆ. ಮನೆಯಲ್ಲಿ ಅಮ್ಮನ ಎದುರು "ಕೊಂದೆ" ಎಂದೇ ಹೇಳಬೇಕಾಗುತ್ತದೆ. ಕೊಲ್ಲುವುದನ್ನೂ ಕಲಿಯಬೇಕು. ಈಥರ್ ಬಾಟಲಿ ಇದ್ದರೆ ದೂರ ಇಡಿ, ಅದು ಇಲಿಯ ಮೂಗು ಗಂಟಲನ್ನು ಉರಿಸುತ್ತದೆ, ಬೆಂಕಿಯ ಅಪಾಯ ಬೇರೆ. ಕಾರ್ಬನ್ ಡೈಆಕ್ಸೈಡ್ ಆದರೆ ಸಿಲಿಂಡರಿನಿಂದ, ಅಳತೆಯ ಮೀಟರ್ ಇಟ್ಟು, ನಿಧಾನವಾಗಿ ತುಂಬಿಸಬೇಕು. ನಿಮಿಷಕ್ಕೆ ಪೆಟ್ಟಿಗೆಯ ಶೇ. 30ರಿಂದ 70ರಷ್ಟು. ಉಸಿರು ನಿಂತ ಮೇಲೂ ಸ್ವಲ್ಪ ಹೊತ್ತು ಬಿಟ್ಟು, ಎದೆ ಬಡಿತ ಇಲ್ಲ ಎಂದು ಕೈಯಿಟ್ಟು ನೋಡಿಯೇ ಹೊರತೆಗೆಯಬೇಕು. ಇದನ್ನೂ ಮೊದಲ ಸಲ ಪಶುವೈದ್ಯರ ಎದುರಲ್ಲೇ ಮಾಡಿ. ನಿಮಗೆ ಆಗುವುದಿಲ್ಲ ಎನಿಸಿದರೆ ಹೇಳಿ, ಅವರು ಮಾಡುತ್ತಾರೆ. ಅದರಲ್ಲಿ ನಾಚಿಕೆ ಏನಿಲ್ಲ.

ಕೊನೆಯದಾಗಿ ತಾರೀಖು. ಫಾರ್ಮ್ ಬಿಯಲ್ಲಿ ಶುರು ಮಾಡುವ ದಿನ ಬರೆಯುವ ಮುಂಚೆ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಸ್ಟ್ರೆಪ್ಟೊಜೊಟೊಸಿನ್ ಕೊಡುವುದನ್ನು ಶನಿವಾರ ಇಟ್ಟುಕೊಳ್ಳಬೇಡಿ, ಗ್ಲುಕೋಸ್ ಬಾಟಲಿ ಖಾಲಿಯಾಗಿದೆಯೇ ಎಂದು ಭಾನುವಾರ ನೋಡಲು ಯಾರೂ ಇರುವುದಿಲ್ಲ. 28 ದಿನದ ಡೋಸ್ ದಸರಾ ಮೇಲೆ ಬೀಳದ ಹಾಗೆ ನೋಡಿ. ಕಾಲೇಜಿಗೆ ರಜೆ, ಅಟೆಂಡರ್ ಊರಿಗೆ ಹೋಗಿರುತ್ತಾರೆ, ಜಂಬೂಸವಾರಿಯ ದಿನ ರಸ್ತೆಗಳೆಲ್ಲ ಬಂದ್. ನೀವು ಮದ್ದೂರಿನಿಂದ ಬಸ್ ಹತ್ತಿ ಬಂದರೂ ಅನಿಮಲ್ ಹೌಸ್ ತಲುಪುವುದು ಮಧ್ಯಾಹ್ನದ ಮೇಲೆಯೇ. ಇಲಿಗೆ ಅಂದೂ ನೀರು ಬೇಕು, ಹೊಟ್ಟು ಬೇಕು, ಡೋಸ್ ಬೇಕು. ದೀಪಾವಳಿ ಪಟಾಕಿ ಕಳೆದು ಒಂದು ವಾರ ಬಿಟ್ಟು ಇಲಿ ತರಿಸಿ. ಅಷ್ಟರಲ್ಲಿ ರಬ್ಬರ್ ಇಲಿಯ ತಾಲೀಮು ಮುಗಿದಿರುತ್ತದೆ.